ಅಪ್ಪನ ಕಾಗುಣಿತ

ನವೆಂಬರ್ 12, 2003, ಬುಧವಾರ
ಭದ್ರಾವತಿ

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮುಂದೆ ಅಮ್ಮ ಹೊಲಿದ ತೆಳ್ಳನೆಯ ಬಿಳಿ ಬಟ್ಟೆ. ಗಾಯ ಚೆನ್ನಾಗಿ ಮಾಯುತ್ತಿದೆ ಎಂದರು ಡಾಕ್ಟರು. ಮಾತಿನ ಬಗ್ಗೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಊರಿನಲ್ಲಿ ನಮ್ಮಪ್ಪ ಧರ್ಮಪ್ಪ ಅಂದರೆ ಮುಖಕ್ಕಿಂತ ಮೊದಲು ದನಿ ನೆನಪಾಗುತ್ತಿತ್ತು. ಗೆಳೆಯ ಜಯಪ್ಪನ ಆಟೋದಲ್ಲಿ ಮೈಕು ಹಿಡಿದು ಕುಳಿತರೆ ಹೊಸ ಸಿನಿಮಾ, ಕಬಡ್ಡಿ ಪಂದ್ಯ, ಸರ್ಕಸ್ಸು, ನಾಳೆ ನಲ್ಲಿ ನೀರು ಬರುವುದಿಲ್ಲ ಎಂಬ ಸುದ್ದಿ, ಎಲ್ಲವನ್ನೂ ಒಂದೇ ಉತ್ಸಾಹದಲ್ಲಿ ಕೂಗುತ್ತಿದ್ದ. ಪೇಟೆಯಲ್ಲಿ ಕನ್ನಡ, ಕಾರ್ಖಾನೆ ಕ್ವಾರ್ಟರ್ಸಿನ ತಿರುವಿನಲ್ಲಿ ತಮಿಳು, ತೆಲುಗು. ಈಗ ಮನೆ ಎಷ್ಟು ಸುಮ್ಮನಿದೆಯೆಂದರೆ ಅಮ್ಮ ಅಕ್ಕಿ ಆರಿಸುವ ಸದ್ದು ಹಿತ್ತಿಲಿಗೆ ಕೇಳುತ್ತದೆ.

ಸ್ಲೇಟು ಬಳಪ ತಂದುಕೊಟ್ಟೆ. ಅಪ್ಪ ಗೋಡೆ ಕಡೆ ತಿರುಗಿಕೊಂಡ. ಪರವಾಗಿಲ್ಲ, ನನ್ನ ಹತ್ತಿರ ಬೇರೆ ಉಪಾಯವಿದೆ. ಆಪರೇಷನ್ನಿಗೆ ಮೊದಲೇ ನಾನು ಪಾಠ ಹೇಳುವ ಶಿವಮೊಗ್ಗದ ಗೋಪಾಳದ ಕಂಪ್ಯೂಟರ್ ಸೆಂಟರಿಗೆ ಅವನನ್ನು ಕರೆದುಕೊಂಡು ಹೋಗಿ ಕಾಗುಣಿತ ಪೂರ್ತಿ ರೆಕಾರ್ಡ್ ಮಾಡಿಸಿದ್ದೆ. ಕ ಕಾ ಕಿ ಕೀ ಇಂದ ಹಿಡಿದು ಒತ್ತಕ್ಷರದವರೆಗೆ. "ಸುಮ್ನೆ ಮನೇಲಿ ಮಾತಾಡೋ ಹಂಗೆ ಹೇಳಪ್ಪಾ" ಎಂದರೆ, "ಮೈಕ್ ಮುಂದೆ ಹೆಂಗೆ ಮಾತಾಡ್ಬೇಕು ಅಂತ ನೀನು ನನಗೆ ಹೇಳ್ಕೊಡ್ತೀಯಾ?" ಎಂದು ಒಂದೊಂದು ಅಕ್ಷರವನ್ನೂ ಬಯಲಿಗೆ ಕೇಳುವಂತೆ ಎಳೆದೆಳೆದು ಕೂಗಿದ.

ನಮ್ಮ ಸೆಂಟರಿನ ಶಿವಕುಮಾರನೂ ನಾನೂ ಸೇರಿ ಬರೆದ ಪ್ರೋಗ್ರಾಮಿಗೆ 'ಉಲಿ' ಎಂದು ಹೆಸರಿಟ್ಟಿದ್ದೇವೆ. ಕರಿ ಪರದೆಯ ಮೇಲೆ ಉಲಿ ಎಂದು ಬರೆದು ಮುಂದೆ ಹೇಳಬೇಕಾದ ಮಾತು ಟೈಪ್ ಮಾಡಿದರೆ, ಅದು ಪಕ್ಕದಲ್ಲಿರುವ 'ಧ್ವನಿ' ಎಂಬ ಫೋಲ್ಡರಿನಿಂದ ಒಂದೊಂದೇ ಅಕ್ಷರ ಎತ್ತಿ ಪೋಣಿಸಿ ನುಡಿಯುತ್ತದೆ. ಮೊದಲು ಪ್ರಯೋಗಕ್ಕೆಂದು ನನ್ನ ದನಿಯಲ್ಲಿ ಮಾಡಿದ್ದೆವು. ಆಮೇಲೆ ಅಪ್ಪನ ದನಿಯಲ್ಲಿ.

ಸಂಜೆ ಜಯಪ್ಪ ಮಾವ ಬಂದಿದ್ದರು. ಅಪ್ಪನಿಗೆ ಸುಸ್ತು ಎಂದು ಹೇಳಿ ಕಳಿಸಿದೆ. ಅವನಿಗೆ ಈಗ ಯಾರನ್ನೂ ನೋಡುವ ಮನಸ್ಸಿಲ್ಲ. ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಗೊತ್ತಾಗುತ್ತದೆ.

ನವೆಂಬರ್ 23, ಭಾನುವಾರ

ಸೆಂಟರಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಆನಂದ್ ಬಾಡಿಗೆ ವ್ಯಾನಿನಲ್ಲಿ ಹಾಕಿಕೊಂಡು ಬಂದರು. ನಮ್ಮ ಯಜಮಾನರು ನವುಲೆ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ತಂತಿ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುವವರು. ಆದರೂ ಸ್ಪೀಕರ್ ತಾವೇ ಜೋಡಿಸಿದರು. ಅಪ್ಪ ಅದರ ಕಡೆ ನೋಡಲೂ ಇಲ್ಲ.

ಬೆಳಿಗ್ಗೆ ಊರಿನ ಮೇಲೆ ಮಂಜು ಬಿದ್ದಿತ್ತು. ಕಾರ್ಖಾನೆಯ ಸೈರನ್ನು ಮಂಜಿನೊಳಗಿಂದ ಬಂದಾಗ, ನಿದ್ದೆಗಣ್ಣಿನಲ್ಲಿ ಅಪ್ಪನೇ ಗಂಟಲು ಸರಿಮಾಡಿಕೊಂಡ ಎನಿಸಿತು.

ಡಿಸೆಂಬರ್ 11, ಗುರುವಾರ

ಇವತ್ತು ಅಪ್ಪ ತಾನಾಗಿಯೇ ಬಂದು ಕಂಪ್ಯೂಟರಿನ ಮುಂದೆ ಕುಳಿತ!

ಬೆಳಿಗ್ಗೆಯೇ ಶಿವಕುಮಾರನಿಗೆ ಫೋನ್ ಮಾಡಿದ್ದೆ. ಉಲಿ ಇರುವುದು ನನ್ನ ಹೆಸರಿನ ಫೋಲ್ಡರಿನ ಒಳಗಿನ ಇನ್ನೊಂದು ಫೋಲ್ಡರಿನಲ್ಲಿ. ಕರೆಯಬೇಕಾದರೆ ಮನೆ ನಂಬರು, ಬೀದಿ, ಅಡ್ಡರಸ್ತೆ ಎಲ್ಲ ಬರೆದಂತೆ ಉದ್ದ ವಿಳಾಸ ಬಡಿಯಬೇಕು. ಒಂದೇ ಬೆರಳಿನಲ್ಲಿ ಟೈಪ್ ಮಾಡುವ ಅಪ್ಪನಿಗೆ ಅದು ಆಗದ ಕೆಲಸ. "ಬರೀ ಉಲಿ ಅಂದ್ರೆ ಸಾಕು, ಎಲ್ಲಿಂದ ಕರೆದ್ರೂ ಓಗೊಡೋ ಹಂಗೆ ಮಾಡೋಣ. ನಾನು ಹೇಳಿದ್ದನ್ನ ಬಡೀರಿ ಮೇಡಂ" ಎಂದು ಒಂದು ಸಾಲು ಹೇಳಿದ. ಯಂತ್ರದಲ್ಲಿ ಎಲ್ಲರಿಗೂ ಕೈಗೆಟುಕುವ ಒಂದು ಫೋಲ್ಡರ್ ಇರುತ್ತದೆ, ಅಲ್ಲಿ ಉಲಿ ಎಂಬ ಹೆಸರು ಇಡುವ ಆಜ್ಞೆ. ನಮ್ಮ ಮೊದಲ ಪ್ರಯೋಗದ ಉಲಿ ಅಲ್ಲೇ ಇತ್ತಂತೆ. ಹಳೆಯದನ್ನು ತೆಗೆದು ಇದನ್ನು ಇಡಲೇ ಎಂದು ಯಂತ್ರ ಕೇಳಿತು. ಹೂಂ ಅಂದೆ.

ಅಪ್ಪ ಅಕ್ಷರ ಹುಡುಕಿ ಹುಡುಕಿ ಮೊದಲು ಬರೆದದ್ದು ಅಮ್ಮನ ಹೆಸರು. ಸ್ಪೀಕರಿನಿಂದ "ಮಾಸ್ತಮ್ಮ" ಎಂದು ಬಂತು.

ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಏನೇ ಸಮತಾ, ಹೆತ್ತ ತಾಯೀನ ಹೆಸರು ಹಿಡ್ದು ಕರೀತೀಯಾ? ಓದ್ಸಿದ್ದು ಹೆಚ್ಚಾಯ್ತಾ ನಿಂಗೆ?"

ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅದು ನನ್ನ ದನಿ. ಅಪ್ಪ ಮತ್ತೊಮ್ಮೆ ಬರೆದ. ಮತ್ತೊಮ್ಮೆ ನಾನೇ ಅಮ್ಮನನ್ನು ಹೆಸರು ಹಿಡಿದು ಕರೆದೆ. ಅಪ್ಪ ಎದ್ದು ಪ್ಲಗ್ ಕಿತ್ತು ಹಾಸಿಗೆಗೆ ಹೋದ.

ಡಿಸೆಂಬರ್ 12, ಶುಕ್ರವಾರ

ಎಲ್ಲರಿಗೂ ಎಟುಕುವ ಆ ಫೋಲ್ಡರನ್ನು ತೆರೆದು ನೋಡಿದೆ. ಅಲ್ಲಿ ಉಲಿ ಇದೆ. ಪಕ್ಕದಲ್ಲೇ ಧ್ವನಿ ಇದೆ. ಕ ಕೇಳಿದೆ, ನನ್ನದು. ಮ ಕೇಳಿದೆ, ನನ್ನದು. ಯಾವ ಅಕ್ಷರ ಮುಟ್ಟಿದರೂ ನಾನೇ.

ನಿನ್ನೆ ಹೂಂ ಅಂದೆನಲ್ಲ, ಆಗಲೇ ಉಲಿ ಧ್ವನಿಯ ಸಮೇತ ಅಲ್ಲಿಗೆ ಹೋಗಿ, ಅಪ್ಪನ ಅಕ್ಷರಗಳ ಮೇಲೆ ನನ್ನ ಅಕ್ಷರಗಳು ಕುಳಿತುಬಿಟ್ಟಿರಬೇಕು. ಎರಡರ ಹೆಸರುಗಳೂ ಒಂದೇ. ಸೆಂಟರಿನಲ್ಲಿದ್ದ ಪ್ರತಿಯನ್ನು ಹೊಸ ಬ್ಯಾಚಿಗೆಂದು ಅಳಿಸಿದ್ದಾರೆ. ಇನ್ನೊಮ್ಮೆ ರೆಕಾರ್ಡ್ ಮಾಡೋಣ ಎನ್ನಲು ಅಪ್ಪನಲ್ಲಿ ದನಿ ಎಲ್ಲಿದೆ.

ಭಯವಾಗುತ್ತಿದೆ. ಬರೆಯಲು ಕೈ ಬರುತ್ತಿಲ್ಲ.

ಡಿಸೆಂಬರ್ 16, ಮಂಗಳವಾರ

ಶಿವಕುಮಾರ ಸಿಗುತ್ತಿಲ್ಲ. ಮಾಲೆ ಹಾಕಿದ್ದು ಗೊತ್ತಿತ್ತು, ಕಾಲ್ನಡಿಗೆಯಲ್ಲಿ ಶಬರಿಮಲೆಗೆ ಹೊರಡುತ್ತಾನೆಂದು ಗೊತ್ತಿರಲಿಲ್ಲ. ಅವನ ತಾಯಿ ಕಾಶಮ್ಮ ಫೋನೆತ್ತಿ, "ಸ್ವಾಮಿಯೋರು ಇರುಮುಡಿ ಹೊತ್ಕಂಡು ಹೊರಟ್ರು ಕಣವ್ವ. ಜ್ಯೋತಿ ನೋಡ್ಕಂಡೇ ಬರ್ತಾರೆ" ಎಂದರು. ಹೆತ್ತ ಮಗನಿಗೆ ಬಹುವಚನ. ಮಾಲೆ ಬಿಚ್ಚಿದ ದಿನ ಮತ್ತೆ ಅವನು ಇವರ ಬೈಗುಳ ತಿನ್ನುವ ಶಿವುವೇ ಆಗುತ್ತಾನೆ.

ದಾರಿಯಿಂದ ಫೋನ್ ಮಾಡಿದರೆ ನನಗೂ ಮಾಡಲು ಹೇಳಿ ಎಂದು ನಂಬರು ಕೊಟ್ಟೆ. ಮನೆಯಲ್ಲಿ ರಿಪೇರಿ ಎಂದು ಹೇಳಿದ್ದೇನೆ. ಅಮ್ಮ ಕಂಪ್ಯೂಟರಿಗೆ ಬೆಡ್‌ಶೀಟು ಹೊದಿಸಿದ್ದಾಳೆ, ಅದಕ್ಕೂ ಚಳಿಯಾದೀತು ಎನ್ನುವಂತೆ.

ಡಿಸೆಂಬರ್ 21, ಭಾನುವಾರ

ಆನಂದ್ ಬಂದಿದ್ದರು. "ಹೆಂಗಿದ್ದೀರಿ ಮಾವ?" ಎಂದು ಕೇಳಿದರು. ಊಟ ಸ್ವಲ್ಪ ಕಡಿಮೆಯಾಗಿದೆ, ನಿದ್ದೆ ಪರವಾಗಿಲ್ಲ ಎಂದೆ. "ಶಿವಮೊಗ್ಗಕ್ಕೆ ಬನ್ನಿ, ಸ್ವಲ್ಪ ದಿನ ಇರೋರಂತೆ. ಸಕ್ರೆಬೈಲಿಗೆ ಹೋಗಿ ಆನೆ ನೋಡ್ಕೊಂಡು ಬರೋಣ" ಎಂದರು. ಅಪ್ಪನಿಗೆ ಬೇರೆ ಕಡೆ ನಿದ್ದೆ ಬರುವುದಿಲ್ಲ ಎಂದೆ.

"ನಾನು ಕೇಳಿದ್ದು ಮಾವನ್ನ ಮಾರಾಯ್ತಿ" ಎಂದು ನಕ್ಕರು ಆನಂದ್.

ಅಪ್ಪ ಮಂಚದ ಪಟ್ಟಿಯನ್ನು ಟಕಟಕ ತಟ್ಟಿದ. ದಣಿದಿದ್ದಾನೆಂದು ದಿಂಬು ಸರಿಮಾಡಿ ಮಲಗಿಸಿದೆ.

ಗೇಟಿನ ಹತ್ತಿರ ಆನಂದ್‌ಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅಪ್ಪನ ದನಿಯನ್ನು ನಾನೇ ಅಳಿಸಿದೆ, ಡಾಕ್ಟರು ಉಳಿಸಲಾಗದ್ದನ್ನು ಉಳಿಸಿಕೊಂಡು ನನ್ನ ಕೈಯಾರೆ ಕಳೆದೆ ಎಂದೆ. ಅವರು ಬೆನ್ನು ಸವರಿ, "ಅವರಿಗೆ ಹೇಳ್ಬಿಡು. ಕಾಯೋದು ಇನ್ನೂ ಕಷ್ಟ" ಎಂದರು. ನನ್ನಿಂದಾಗದು. ಯಾವಾಗ ಬರ್ತೀಯಾ ಎಂದು ಕೇಳಿದ್ದಕ್ಕೆ, ಅಪ್ಪನಿಗೆ ಈಗ ನಾನಿಲ್ಲದೆ ಆಗುವುದಿಲ್ಲ ಎಂದೆ. ಅಪ್ಪನೂ ಅದನ್ನೇ ಹೇಳುತ್ತಿದ್ದ, ಬಾಯಿದ್ದಿದ್ದರೆ.

ಡಿಸೆಂಬರ್ 29, ಸೋಮವಾರ

ಬೆಳಗಿನ ಜಾವದ ಕನಸು ಮಧ್ಯಾಹ್ನವಾದರೂ ಕಣ್ಣಿನಲ್ಲೇ ಇದೆ.

ಕಾರ್ಖಾನೆ ಕ್ವಾರ್ಟರ್ಸಿನಂಥ ಉದ್ದನೆಯ ಸಾಲು. ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರ ವಾಸವಾಗಿದೆ. ಕ ಮನೆಯವರು ಅಂಗಳ ಗುಡಿಸುತ್ತಿದ್ದಾರೆ, ಕಾ ಮನೆಯಲ್ಲಿ ಹಾಲು ಉಕ್ಕಿದೆ, ಕಿ ಇನ್ನೂ ಮಲಗಿದೆ. ಮಂಜು ಮಂಡಿಯವರೆಗೆ ನಿಂತಿದೆ, ಅದರಲ್ಲಿ ನಡೆದರೆ ಕಾಲಿಗೆ ಬೆಚ್ಚಗಾಗುತ್ತದೆ. ನಾನು ಬಾಗಿಲು ತಟ್ಟುತ್ತಾ ಹೋಗುತ್ತೇನೆ, ಪ್ರತಿ ಮನೆಯಿಂದಲೂ ನನ್ನದೇ ದನಿ "ಯಾರು?" ಎನ್ನುತ್ತದೆ. ಸಾಲಿನ ಕೊನೆಯಲ್ಲಿ ಅಪ್ಪ ಮೈಕು ಹಿಡಿದು ನಿಂತಿದ್ದಾನೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಕರೆಯುವಂತೆ ಅಕ್ಷರಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಾನೆ. ಮೈಕು ಸದ್ದು ಮಾಡುತ್ತಿಲ್ಲ. ಆದರೂ ಒಂದೊಂದೇ ಬಾಗಿಲು ತೆರೆಯುತ್ತಿತ್ತು, ಅಷ್ಟರಲ್ಲಿ ಎಚ್ಚರವಾಯಿತು.

ಜಯಪ್ಪ ಮಾವ ಮಂಡಕ್ಕಿ ಖಾರ ಕಟ್ಟಿಸಿಕೊಂಡು ಬಂದಿದ್ದರು. "ಒಂದ್ ಗಳಿಗೆ ಮುಖ ತೋರ್ಸಿ ಹೋಗ್ತೀನಿ ಕಣಮ್ಮ" ಎಂದರು. ಅಪ್ಪನಿಗೆ ಸುಸ್ತು, ಖಾರವೂ ಆಗುವುದಿಲ್ಲ ಎಂದೆ. ಪೊಟ್ಟಣ ಕಟ್ಟೆಯ ಮೇಲಿಟ್ಟು ಹೋದರು. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಅಪ್ಪ ಕಿಟಕಿಯ ಬಳಿಯೇ ನಿಂತಿದ್ದ. ಗಾಳಿ ತಣ್ಣಗಿದೆ ಎಂದು ಕಿಟಕಿ ಹಾಕಿದೆ.

ಜನವರಿ 5, 2004, ಸೋಮವಾರ

ಹಸಿರು ಸೀರೆಗಾಗಿ ಅಮ್ಮನ ಬೀರು ಪೂರ್ತಿ ಜಾಲಾಡಿದೆ. ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಾಗ ನೆನಪಾಯಿತು, ಅದು ಗೋಪಾಳದ ನಮ್ಮ ಮನೆಯಲ್ಲಿದೆ. ಕೈಗೆ ಸಿಕ್ಕಿದ ಅಮ್ಮನ ನೀಲಿ ಸೀರೆಯನ್ನೇ ಉಟ್ಟುಕೊಂಡೆ.

ಅಪ್ಪ ರಾತ್ರಿ ಊಟ ಮಾಡಲಿಲ್ಲ.

ಜನವರಿ 9, ಶುಕ್ರವಾರ

ಮೊದಲು ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ಇದೂ ಕನಸೆನಿಸಬಹುದು.

ಮಧ್ಯಾಹ್ನ ಫೋನ್ ಬಂತು. ದಾರಿಯ ಯಾವುದೋ ಎಸ್‌ಟಿಡಿ ಬೂತಿನಿಂದ ಶಿವಕುಮಾರ. ಹಿಂದೆ ಶರಣು ಕೂಗುವ ಗದ್ದಲ. ನಾನು ಒಂದೇ ಉಸಿರಿನಲ್ಲಿ ಹೇಳಿದೆ: ನೀನು ಹೇಳಿದ ಸಾಲಿನಿಂದ ಉಲಿ ಜಾಗ ಬದಲಾಯಿಸಿತು, ಅಪ್ಪನ ದನಿಯ ಮೇಲೆ ನನ್ನ ದನಿ ಬಿತ್ತು.

"ಜಾಗ ಎಲ್ಲಿ ಬದಲಾಯ್ತು ಮೇಡಂ? ಉಲಿ ಇದ್ದಲ್ಲೇ ಇದೆ. ಅಲ್ಲಿ ಇಟ್ಟಿದ್ದು ಬರೀ ಲಿಂಕು. ಪೂರ್ತಿ ವಿವರದ ಪಟ್ಟಿ ತೆಗೆದು ನೋಡಿ, ಹೆಸರಿನ ಮುಂದೆ ಒಂದು ಬಾಣ ಕಾಣ್ತದೆ. ಆ ಬಾಣದ ಹಿಂದೆ ಹೋಗಿ..." ಎಂದ. ಲೈನು ಕಟ್ಟಾಯಿತು.

ಬೆಡ್‌ಶೀಟು ತೆಗೆದು ಕುಳಿತೆ. ವಿವರದ ಪಟ್ಟಿ ಕೇಳಿದಾಗ ಉಲಿ ಎಂಬ ಹೆಸರಿನ ಮುಂದೆ ನಿಜವಾಗಿಯೂ ಒಂದು ಪುಟ್ಟ ಬಾಣವಿತ್ತು, ಮುಂದೆ ಹಳೆಯ ಉದ್ದ ವಿಳಾಸ. ಇಷ್ಟು ದಿನ ಹೆಸರು ನೋಡಿ ಪ್ರೋಗ್ರಾಮೇ ಅಲ್ಲಿದೆ ಎಂದು ನಂಬಿದ್ದೆ. ಅಲ್ಲಿದ್ದದ್ದು ದಾರಿ ತೋರಿಸುವ ಕೈಮರ. ವಿಳಾಸ ಹಿಡಿದು ಹೋದೆ. ನನ್ನ ಹೆಸರಿನ ಫೋಲ್ಡರು, ಅದರೊಳಗೆ ಉಲಿಯ ಫೋಲ್ಡರು, ಅದರೊಳಗೆ ಉಲಿ, ಪಕ್ಕದಲ್ಲಿ ಇನ್ನೊಂದು ಧ್ವನಿ. ಸ್ಪೀಕರಿನ ಸದ್ದು ತಗ್ಗಿಸಿ ಕಿವಿ ಹಚ್ಚಿ ಕ ಕೇಳಿದೆ.

"ಕsss."

ಅಪ್ಪ. ನನ್ನ ಅಪ್ಪ. ಹಿಂದೆ ಸೆಂಟರಿನ ಫ್ಯಾನು ತಿರುಗುವ ಸದ್ದು ಕೂಡ ಹಾಗೇ ಇದೆ. ಖ ಗ ಘ ಕೇಳುತ್ತಾ ಹೋದೆ. ಎಲ್ಲರೂ ಮನೆಯಲ್ಲೇ ಇದ್ದರು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಮ್ಮ ಬಂದು ಯಾಕೆ ಎಂದದ್ದಕ್ಕೆ, ಧೂಳು ಎಂದೆ.

ಜನವರಿ 10, ಶನಿವಾರ

ತಪ್ಪು ಎಲ್ಲಿತ್ತೆಂದು ಬೆಳಿಗ್ಗೆಯೆಲ್ಲ ಕುಳಿತು ಕಂಡುಕೊಂಡೆ. ಉಲಿ ಎದ್ದ ಕೂಡಲೇ 'ನಾನೆಲ್ಲಿದ್ದೇನೆ' ಎಂದು ಕೇಳಿಕೊಂಡು, ಪಕ್ಕದಲ್ಲಿ ಧ್ವನಿಯನ್ನು ಹುಡುಕುತ್ತದೆ. ಆದರೆ ಅದು ತನ್ನನ್ನು ಯಾವ ಹೆಸರಿನಿಂದ ಕರೆದರೋ ಅದನ್ನೇ ತನ್ನ ವಿಳಾಸವೆಂದು ನಂಬುತ್ತದೆ. ಬಾಣದ ಮೂಲಕ ಕರೆದಾಗ ಬಾಣವಿದ್ದ ಜಾಗವನ್ನೇ ತನ್ನ ಮನೆಯೆಂದುಕೊಂಡಿತು. ಅಲ್ಲಿ ಮೊದಲ ಪ್ರಯೋಗದ ನನ್ನ ಧ್ವನಿ ಬಿದ್ದುಕೊಂಡಿತ್ತಲ್ಲ, ಅದನ್ನೇ ಎತ್ತಿಕೊಂಡು ಮಾತಾಡಿತು. ಅಲ್ಲಿ ಏನೂ ಇಲ್ಲದಿದ್ದರೆ 'ಸಿಗಲಿಲ್ಲ' ಎಂದು ಅರಚಿ ನಿಲ್ಲುತ್ತಿತ್ತು, ಅವತ್ತೇ ತಿಳಿದುಹೋಗುತ್ತಿತ್ತು. ನನ್ನ ದನಿ ಬಾಯಿ ತೆರೆದುಕೊಂಡು ಸಿದ್ಧವಾಗಿದ್ದದ್ದೇ ತೊಂದರೆಯಾಯಿತು.

ಉಲಿಗೆ ಕೆಲವು ಸಾಲು ಸೇರಿಸಿದೆ. ನಿನ್ನನ್ನು ಕರೆದ ಹೆಸರು ಬಾಣವೇ ನೋಡು. ಬಾಣವಾದರೆ ಅದು ತೋರಿಸುವ ಕಡೆ ಹೋಗು. ಅಲ್ಲೂ ಬಾಣವಿದ್ದರೆ ಮತ್ತೆ ಮುಂದೆ ಹೋಗು. ಬಾಣವೇ ಇಲ್ಲದ ಕಡೆ ತಲುಪಿದ ಮೇಲೆ, ಅಲ್ಲಿ ನಿಂತು ಅಕ್ಕಪಕ್ಕ ಹುಡುಕು.

ಊಟವಾದ ಮೇಲೆ ಅಪ್ಪನ ಕೈ ಹಿಡಿದು ಎಳೆದುತಂದು ಕೂರಿಸಿದೆ. ಬೇಡ ಎಂದು ತಲೆಯಾಡಿಸಿದ. "ಒಂದೇ ಒಂದು ಸಲ ಅಪ್ಪಾ" ಎಂದೆ. ಬೇಸರದಿಂದ ಟೈಪ್ ಮಾಡಿದ.

"ನೀsss ರು ಬೇsss ಕು!"

ಮೈದಾನಕ್ಕೆ ಮೈದಾನವೇ ಎದ್ದು ನಿಲ್ಲುವಂಥ ದನಿ. ನೀರು ಕೇಳಿದ್ದಲ್ಲ, ನೀರಿನ ಬೆಳ್ಳಿಹಬ್ಬ ಸಾರಿದ ಹಾಗಿತ್ತು. ಅಮ್ಮ ಚೊಂಬು ಹಿಡಿದು ಓಡಿ ಬಂದವಳು ಬಾಗಿಲಲ್ಲೇ ನಿಂತು ನಗತೊಡಗಿದಳು. ಅಪ್ಪ ಕೈಯಿಂದ ಬಾಯಿ ಮುಚ್ಚಿಕೊಂಡ, ಆ ಸದ್ದು ಅಲ್ಲಿಂದಲೇ ಬಂತೇನೋ ಎಂದು ನೋಡುವವನಂತೆ. ಆಮೇಲೆ ನಿಧಾನವಾಗಿ ಇನ್ನೊಂದು ಬರೆದ.

"ಮಾsss ಸ್ತsss ಮ್ಮ!"

"ಆಂ" ಎಂದಳು ಅಮ್ಮ. ಹೊಸ್ತಿಲ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮತ್ತೆ ಕರೆದ, ಅವಳು ಮತ್ತೆ ಆಂ ಎಂದಳು. ಸಂಜೆಯ ಬಿಸಿಲು ಮನೆಯೊಳಗೆ ಬಂದು ಹೋಗುವವರೆಗೆ ಇದೇ ನಡೆಯಿತು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಜನವರಿ 11, ಭಾನುವಾರ

ನನಗೆ ಸಿಟ್ಟು ಬಂದಿದೆ.

ಹೊತ್ತು ಇಳಿಯುವಾಗ ಆಟೋ ಸದ್ದಾಯಿತು. ಜಯಪ್ಪ ಮಾವ ಗೇಟಿನ ಹೊರಗೇ ನಿಂತು, "ಧರ್ಮ ಹೆಂಗಿದ್ದಾನೆ ಕಣಮ್ಮ?" ಎಂದರು. ನಿನ್ನೆಯೆಲ್ಲ ಕುಳಿತು ಟೈಪ್ ಮಾಡಿದ್ದಾನೆ, ಬೆರಳು ನೋಯುತ್ತಿರಬೇಕು. "ಅಪ್ಪನಿಗೆ ಇವತ್ತು ಸುಸ್ತು ಮಾವ" ಎಂದೆ.

ಬೆನ್ನ ಹಿಂದಿನಿಂದ ಗುಡುಗಿತು. "ಜಯಪ್ಪಾ! ಒಳಗೆ ಬಾ!"

ಮಾವ ಗೇಟಿನ ಸರಳು ಹಿಡಿದುಕೊಂಡು ನಿಂತುಬಿಟ್ಟರು. ಒಳಗೆ ಕೀಲಿಗಳು ಒಂದೊಂದೇ ಟಕ್ ಟಕ್ ಎನ್ನುತ್ತಿದ್ದವು. ನಾವಿಬ್ಬರೂ ಕಾದೆವು.

"ಸುಸ್ತು ಅಂದಿದ್ದು ನಾನಲ್ಲ. ಯಾವತ್ತೂ ನಾನಲ್ಲ."

ಅಕ್ಕಪಕ್ಕದ ಮನೆಯವರೂ ಕೇಳಿಸಿಕೊಂಡರು. ಮಾವ ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಹಗಲೂ ರಾತ್ರಿ ಯಾರಿಗಾಗಿ ಇಷ್ಟೆಲ್ಲ ಮಾಡಿದೆ? ನಾನು ಆಡದಿದ್ದರೆ ಈ ಮನೆಯಲ್ಲಿ ಇಷ್ಟು ದಿನ ಮಾತೆಂಬುದು ಇರುತ್ತಿತ್ತೇ? ಒಳಗಿನಿಂದ ಮಾವನ ನಗು ಕೇಳಿಸಿತು. ಜೊತೆಗೆ ಅಪ್ಪ ಮೇಜು ಬಡಿಯುವ ಸದ್ದು. ಖುಷಿಯಾದಾಗ ಹಾಗೆ ಬಡಿಯುತ್ತಾನೆಂಬುದು ಮರೆತೇಹೋಗಿತ್ತು.

ಎಷ್ಟೋ ಹೊತ್ತಿನ ಮೇಲೆ ಇಡೀ ಹಿತ್ತಿಲು ನಡುಗುವಂತೆ ಸಾರಲಾಯಿತು: "ಸಮತಾ! ಕೋಪ ಮಾಡ್ಕಬೇಡ! ಟೀ ಮಾಡು!"

ಬೇಲಿಯಾಚೆಯವರು ನಕ್ಕರು. ಹೋಗಿ ಟೀ ಮಾಡಿದೆ. ಎಲ್ಲರೂ ಟೀ ಕುಡಿದು ಎದ್ದ ಮೇಲೆ, ಎಲ್ಲರಿಗೂ ಎಟುಕುವ ಆ ಫೋಲ್ಡರಿನಲ್ಲಿದ್ದ ನನ್ನ ಧ್ವನಿಯನ್ನು ಅಳಿಸಿದೆ. ಇನ್ನು ಅದರ ಅಗತ್ಯವಿಲ್ಲ.

ಜನವರಿ 30, ಶುಕ್ರವಾರ
ಗೋಪಾಳ, ಶಿವಮೊಗ್ಗ

ಹಲವು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಆನಂದ್ ಮನೆಯನ್ನು ನಾನಂದುಕೊಂಡಷ್ಟು ಕೆಡಿಸಿಲ್ಲ. ಸಾರಿನ ಪುಡಿ ಮಾತ್ರ ಸಕ್ಕರೆ ಡಬ್ಬಿಯಲ್ಲಿದೆ.

ಬೆಳಿಗ್ಗೆ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಬ್ಯಾಗು ಕಾಲಬಳಿ ಇಟ್ಟುಕೊಂಡು ಅರೆನಿದ್ದೆಯಲ್ಲಿ ನಿಂತಿದ್ದೆ. ಮಂಜಿನೊಳಗಿಂದ ಅಪ್ಪನ ದನಿ ಬಂತು. ಬಂಧುಗಳೇ, ಕ್ರೀಡಾಭಿಮಾನಿಗಳೇ, ಇದೇ ಭಾನುವಾರ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಅಪ್ಪ ಟೈಪ್ ಮಾಡಿದ್ದನ್ನು ಜಯಪ್ಪ ಮಾವ ಕ್ಯಾಸೆಟ್ಟಿಗೆ ಹಿಡಿದುಕೊಂಡಿದ್ದು ನನಗೆ ಗೊತ್ತಿತ್ತು, ಇವತ್ತೇ ಊರೊಳಗೆ ಹೊರಡುತ್ತದೆಂದು ಗೊತ್ತಿರಲಿಲ್ಲ. ಅಕ್ಷರಗಳ ನಡುವೆ ಸಣ್ಣ ಸಣ್ಣ ತಡೆ, ಯಾರೋ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟಿದ ಹಾಗೆ. ಕನ್ನಡದ ಕಾಗುಣಿತದಲ್ಲೇ ತಮಿಳನ್ನೂ ಕೂಡಿಸಿದ್ದಾನೆ, ಎಲ್ಲಾರುಂ ವಾಂಗೋ, ಎಲ್ಲರೂ ಬನ್ನಿ ಎಂದು. ಪೇಪರು ಓದುತ್ತಿದ್ದವರು ತಲೆಯೆತ್ತಿದರು. ಒಬ್ಬ ಕಂಡಕ್ಟರು ಸೀಟಿ ಊದುವುದನ್ನು ನಿಲ್ಲಿಸಿದ.

ಹೂ ಮಾರುವ ಜಗದಾಂಬಾ ಬುಟ್ಟಿ ಬಿಟ್ಟು ನನ್ನ ಹತ್ತಿರ ಬಂದಳು. "ನಿಮ್ಮಪ್ಪಂದೇ ಅಲ್ವೇನವ್ವ ಆ ದನಿ? ಇನ್ನು ಮಾತಾಡಲ್ಲ ಅಂದಿದ್ರಲ್ಲ! ಹೆಂಗಿದ್ದಾರೆ? ಏನಂತಾರೆ?"

"ನಂಗೇನು ಗೊತ್ತಮ್ಮ. ಮನೇಲೇ ಇದ್ದಾರೆ, ಹೋಗಿ ಅವರನ್ನೇ ಕೇಳಿ" ಎಂದೆ.

ಶಿವಮೊಗ್ಗದ ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಊರು ದಾಟುವವರೆಗೂ ಅಪ್ಪ ಕೇಳಿಸುತ್ತಲೇ ಇದ್ದ.